ನಗರ ಮಣ್ಣಿಗೆ ತೀರಿಸಬೇಕಾದ ಸಾಲ

ಕೇಂದ್ರ ಪರಿಸರ ಸಚಿವಾಲಯ 2026ರ ಆರಂಭದಲ್ಲಿ ಪ್ರಕಟಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಅದು ಹುಟ್ಟಿದ ಜಾಗದಲ್ಲೇ ನಾಲ್ಕು ಬಗೆಯಾಗಿ ಬೇರ್ಪಡಿಸಬೇಕೆಂದು ವಿಧಿಸುತ್ತವೆ. 2016ರ ನಿಯಮಗಳು ಮೂರು ಬಗೆ ಎಂದಿದ್ದವು. ಅದಕ್ಕೂ ಹಿಂದೆ, ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ 2000ದಲ್ಲಿ ಮೊದಲ ನಿಯಮಗಳು ಬಂದವು. ಕಾಲು ಶತಮಾನದಲ್ಲಿ ಮೂರು ಬಾರಿ ನಿಯಮ ಬರೆದ ನಂತರವೂ ಒಂದು ಪ್ರಶ್ನೆ ಹಾಗೆಯೇ ಉಳಿದಿದೆ: ಊರಿನ ಅಡುಗೆಮನೆಗಳಿಂದ ಹೊರಬೀಳುವ ಹಸಿ ಕಸ ಕೊನೆಗೆ ಯಾವ ಮಣ್ಣನ್ನು ಸೇರಬೇಕು? ನಿಯಮಗಳ ಕಣ್ಣು ನಗರದ ಬೀದಿಯ ಮೇಲಿದೆ. ಆ ಕಸ ಅನ್ನವಾಗಿ, ತರಕಾರಿಯಾಗಿ, ತೆಂಗಿನಕಾಯಿಯಾಗಿ ಹೊರಟುಬಂದ ಹೊಲ-ತೋಟದ ಮೇಲೆ ಅದು ಬೀಳುವುದು ತೀರಾ ಕಡಿಮೆ.

ಈ ಪ್ರಶ್ನೆಯನ್ನು ಚರ್ಚಿಸಲು ನಾನು ಬೆಂಗಳೂರನ್ನು ಬಿಟ್ಟು ತುಮಕೂರನ್ನು ಆರಿಸಿಕೊಳ್ಳುತ್ತೇನೆ. ಬೆಂಗಳೂರಿನ ಕಸದ ಗಾತ್ರವೇ ಬುದ್ಧಿಯನ್ನು ಮಂಕು ಮಾಡುವಂಥದ್ದು. ಅಲ್ಲಿ ಯಾವ ಪರಿಹಾರವೂ ಹನಿಯಂತೆ ಕಾಣುತ್ತದೆ. ತುಮಕೂರು ಹಾಗಲ್ಲ. 2011ರ ಜನಗಣತಿಯಲ್ಲಿ ಮೂರು ಲಕ್ಷ ದಾಟಿದ್ದ ಈ ನಗರ 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಅದರ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಗುಬ್ಬಿ. ದಕ್ಷಿಣಕ್ಕೆ 40 ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಕುಣಿಗಲ್. ಗುಬ್ಬಿಯ ಕಡೆ ತೆಂಗು, ಅಡಿಕೆ, ಚೇಳೂರಿನ ಹಲಸು. ಕುಣಿಗಲ್ ಕಡೆ ರಾಗಿ, ತೆಂಗು, ಮಾವು, ಕೆರೆ ಬಯಲಿನ ಭತ್ತ. ಉಣ್ಣುವ ಊರು, ಬೆಳೆಯುವ ಊರು ಎರಡೂ ಒಂದೇ ಜಿಲ್ಲೆಯಲ್ಲಿ, ಒಂದು ಟ್ರ್ಯಾಕ್ಟರ್ ಬೆಳಿಗ್ಗೆ ಹೋಗಿ ಸಂಜೆಗೆ ಮರಳುವಷ್ಟು ಹತ್ತಿರದಲ್ಲಿವೆ. ಇಲ್ಲಿ ಆಗದ ಕೆಲಸ ನಾಡಿನ ಬೇರೆಲ್ಲೂ ಆಗಲಾರದು.

ಮೊದಲು ಮಣ್ಣಿನ ಸ್ಥಿತಿಯನ್ನು ನೋಡೋಣ. ಈ ಭಾಗದ್ದು ಬಹುಪಾಲು ಮರಳು ಮಿಶ್ರಿತ ಕೆಂಪು ಮಣ್ಣು. ಬಿದ್ದ ಮಳೆಯನ್ನು ಹಿಡಿದಿಡುವ ಶಕ್ತಿ ಅದಕ್ಕೆ ಕಡಿಮೆ, ಸಾವಯವ ಇಂಗಾಲವೂ ಕಡಿಮೆ. ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನೊಂದಿಗೆ 2009ರಲ್ಲಿ ಆರಂಭಿಸಿದ ಭೂಚೇತನ ಯೋಜನೆಯ ಮೊದಲ ಹಂತದ ಜಿಲ್ಲೆಗಳಲ್ಲಿ ತುಮಕೂರೂ ಒಂದಾಗಿತ್ತು. ಆ ಯೋಜನೆಯ ಮಣ್ಣು ಪರೀಕ್ಷೆಗಳು ಎತ್ತಿ ತೋರಿಸಿದ್ದು ಗಂಧಕ, ಸತು, ಬೋರಾನ್‌ಗಳ ಕೊರತೆಯನ್ನು. ಅಂದರೆ ನಮ್ಮ ಹೊಲಗಳಿಗೆ ಬೇಕಿರುವುದು ಯೂರಿಯಾ ಒಂದೇ ಅಲ್ಲ. ಬೆಳೆಯೊಂದಿಗೆ ಹೊರಟುಹೋದ ಹತ್ತಾರು ಪೋಷಕಾಂಶಗಳು ಮರಳಿ ಬಂದಿಲ್ಲ ಎಂಬುದೇ ಅದರ ಅರ್ಥ. ಹಿಂದೆ ಊಟ, ತಿಪ್ಪೆ, ಹೊಲ ಮೂರೂ ಒಂದೇ ಊರಿನಲ್ಲಿದ್ದವು. ಉಂಡದ್ದರಲ್ಲಿ ಮಿಕ್ಕಿದ್ದು ಕಲಗಚ್ಚಾಗಿ ದನದ ಬಾನಿಗೆ, ದನದ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಯುಗಾದಿಯ ಹೊತ್ತಿಗೆ ಹೊಲಕ್ಕೆ ಹೋಗುತ್ತಿತ್ತು. ಈಗ ಊಟ ನಗರದಲ್ಲಿದೆ, ಹೊಲ ಹಳ್ಳಿಯಲ್ಲಿದೆ, ಇವೆರಡರ ನಡುವಿನ ತಿಪ್ಪೆ ಮಾತ್ರ ಯಾರಿಗೂ ಬೇಡದ ಭೂಭರ್ತಿ ಗುಂಡಿಯಾಗಿದೆ.

ಹಸಿ ಕಸದಲ್ಲಿ ನಿಜಕ್ಕೂ ಎಷ್ಟು ಸತ್ವವಿದೆ? ಇಲ್ಲಿ ಭಾವುಕತೆಗಿಂತ ಲೆಕ್ಕ ಮುಖ್ಯ. ಒಂದು ಟನ್ ಆಹಾರ ತ್ಯಾಜ್ಯದಲ್ಲಿ ಮುಕ್ಕಾಲು ಪಾಲು ನೀರು. ಉಳಿದ 250 ಕೆ.ಜಿ. ಒಣ ಪದಾರ್ಥದಲ್ಲಿ ಸಾರಜನಕ ಶೇ 2.5ರಷ್ಟಿದೆ ಎಂದುಕೊಂಡರೆ ಸಿಗುವುದು ಸುಮಾರು 6 ಕೆ.ಜಿ. ಸಾರಜನಕ. ಪೊಟ್ಯಾಷ್ ಎರಡು-ಮೂರು ಕೆ.ಜಿ. ಸಿಗಬಹುದು. 45 ಕೆ.ಜಿ.ಯ ಯೂರಿಯಾ ಚೀಲದಲ್ಲಿ ಸುಮಾರು 20 ಕೆ.ಜಿ. ಸಾರಜನಕವಿದ್ದು, ಸಬ್ಸಿಡಿ ಕಳೆದು ರೈತನಿಗೆ ಅದು ಸುಮಾರು 266 ರೂಪಾಯಿಗೆ ಸಿಗುತ್ತದೆ. ಆ ಲೆಕ್ಕದಲ್ಲಿ ಒಂದು ಟನ್ ಹಸಿ ಕಸದ ಸಾರಜನಕದ ಬೆಲೆ 80 ರೂಪಾಯಿ. ಅಷ್ಟು ಹಣದಲ್ಲಿ ಆ ಒಂದು ಟನ್ನನ್ನು ತುಮಕೂರಿನಿಂದ ಗುಬ್ಬಿಗೆ ಸಾಗಿಸುವುದಿರಲಿ, ಗಾಡಿಗೆ ತುಂಬಿಸುವುದೂ ಕಷ್ಟ. ‘ಕಸವೇ ರಸ’ ಎಂಬ ಘೋಷಣೆಯ ಅಡಿಯಲ್ಲಿ ನಗರಾಡಳಿತಗಳು ಗೊಬ್ಬರ ಮಾರಿ ಲಾಭ ಗಳಿಸುವ ಕನಸು ಕಾಣುತ್ತವಲ್ಲ, ಆ ಕನಸು ಮುರಿಯುವುದು ಈ ಸರಳ ಗುಣಾಕಾರದಲ್ಲಿ.

ಆದರೆ ಇದೇ ಲೆಕ್ಕವನ್ನು ಮತ್ತೊಂದು ಕಡೆಯಿಂದ ನೋಡಬೇಕು. ಯೂರಿಯಾ ಅಗ್ಗವಾಗಿ ಕಾಣುವುದು ಅದರ ನಿಜವಾದ ವೆಚ್ಚದ ಬಹುಪಾಲನ್ನು ಕೇಂದ್ರದ ಬೊಕ್ಕಸ ಹೊರುವುದರಿಂದ. ಪೊಟ್ಯಾಷಂತೂ ಬಹುತೇಕ ಪೂರ್ತಿಯಾಗಿ ಆಮದಿನ ಸರಕು. ಫಲ ಕೊಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ ಶಿಫಾರಸಾಗಿರುವುದು 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ ಮತ್ತು 1200 ಗ್ರಾಂ ಪೊಟ್ಯಾಷ್. ಇದರ ಜೊತೆಗೆ 50 ಕೆ.ಜಿ. ಕೊಟ್ಟಿಗೆ ಗೊಬ್ಬರ. ಕೊಟ್ಟಿಗೆಗಳೇ ಖಾಲಿಯಾಗುತ್ತಿರುವ ಊರುಗಳಲ್ಲಿ ಈ ಕೊನೆಯ ಮಾತು ಕಾಗದದ ಮೇಲಷ್ಟೇ ಉಳಿದಿದೆ. ಒಂದು ಉದಾಹರಣೆಗಾಗಿ, ದಿನಕ್ಕೆ 50 ಟನ್ ಶುದ್ಧ ಹಸಿ ಕಸ ದೊರೆಯುತ್ತದೆ ಎಂದು ಇಟ್ಟುಕೊಳ್ಳೋಣ. ಅದರಲ್ಲಿನ ಸಾರಜನಕದ ಅರ್ಧದಷ್ಟು ದಾರಿಯಲ್ಲಿ ಸೋರಿಹೋದರೂ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ತೆಂಗಿನ ಮರಗಳ ಸಾರಜನಕದ ಅಗತ್ಯಕ್ಕೆ ಅದು ಸಾಕು. ಎಕರೆಗೆ 50 ಮರದಂತೆ 2,000 ಎಕರೆಗೂ ಮಿಕ್ಕ ತೋಟ. ಇದರೊಂದಿಗೆ ಸಿಗುವ ಸಾವಯವ ಪದಾರ್ಥವನ್ನು ಯಾವ ಚೀಲದಲ್ಲೂ ಕೊಳ್ಳಲಾಗದು. ಆದ್ದರಿಂದ ಇದು ಲಾಭದ ವ್ಯಾಪಾರವೂ ಅಲ್ಲ, ಕಸದ ವಿಲೇವಾರಿಯೂ ಅಲ್ಲ. ಇದನ್ನು ಸಾಲದ ಮರುಪಾವತಿ ಎಂದು ಕರೆಯುವುದೇ ಸರಿ.

ಸಾಲ ತೀರಿಸುವ ದಾರಿಯಲ್ಲಿ ಎಷ್ಟು ಸೋರಿಕೆಯಾಗುತ್ತದೆ ಎಂಬುದು ವಿಧಾನವನ್ನು ಅವಲಂಬಿಸಿದೆ. ಹಸಿ ಕಸವನ್ನು ತೆರೆದ ರಾಶಿಯಲ್ಲಿ ಕೊಳೆಸಿ, ಮಗುಚಿ ಹಾಕುತ್ತ ಗೊಬ್ಬರ ಮಾಡುವಾಗ ಅದರ ಇಂಗಾಲದ ಅರ್ಧದಷ್ಟು ಅಂಗಾರಾಮ್ಲವಾಗಿ ಹಾರಿಹೋಗುತ್ತದೆ. ಸಾರಜನಕದ ಗಣನೀಯ ಪಾಲು ಅಮೋನಿಯಾ ಆಗಿ ಮೂಗಿಗೆ ಬಡಿಯುತ್ತದೆ. ಗೊಬ್ಬರ ಘಟಕಗಳ ಸುತ್ತಮುತ್ತಲಿನವರು ಸಹಿಸಿಕೊಳ್ಳುವ ದುರ್ವಾಸನೆಯಲ್ಲಿ ಒಂದು ಪಾಲು ವಾಸ್ತವವಾಗಿ ಹೊಲಕ್ಕೆ ಸೇರಬೇಕಾಗಿದ್ದ ಗೊಬ್ಬರವೇ.

ಹುದುಗಿಸುವುದು ಬೇರೆ ಬಗೆ. ಗಾಳಿಯಾಡದ ಪೀಪಾಯಿಯಲ್ಲಿ ಹಸಿ ಕಸವನ್ನು ಒತ್ತಿ ತುಂಬಿ, ತೌಡು, ಬೆಲ್ಲ ಮತ್ತು ಹುಳಿ ಮಜ್ಜಿಗೆಯಲ್ಲಿರುವಂಥ ಸೂಕ್ಷ್ಮಜೀವಿಗಳನ್ನು ಸೇರಿಸಿ ಮುಚ್ಚಿಟ್ಟರೆ ಲ್ಯಾಕ್ಟಿಕ್ ಆಮ್ಲ ಉತ್ಪತ್ತಿಯಾಗುತ್ತದೆ. ಎರಡು ವಾರಗಳಲ್ಲಿ ಕಸ ಕೊಳೆಯುವ ಬದಲು ಉಪ್ಪಿನಕಾಯಿಯಂತೆ ಹುಳಿಯುತ್ತದೆ. ಜಪಾನಿನಲ್ಲಿ ಇದನ್ನು ಬೊಕಾಶಿ ಎನ್ನುತ್ತಾರೆ. ಒಕಿನಾವಾದ ರ‍್ಯೂಕ್ಯೂ ವಿಶ್ವವಿದ್ಯಾಲಯದ ಟೆರುವೊ ಹಿಗಾ 1980ರ ದಶಕದಲ್ಲಿ ಇದಕ್ಕೆ ಬೇಕಾದ ಸೂಕ್ಷ್ಮಜೀವಿಗಳ ಮಿಶ್ರಣವೊಂದನ್ನು ಪ್ರಚಾರಕ್ಕೆ ತಂದರು. ಇಡ್ಲಿ ಹಿಟ್ಟು ಉಬ್ಬುವುದನ್ನೂ ಮಜ್ಜಿಗೆ ಹುಳಿಯುವುದನ್ನೂ ದಿನವೂ ನೋಡುವ ನಮಗೆ ಇದರಲ್ಲಿ ವಿದೇಶಿ ಎನಿಸುವಂಥದ್ದು ಹೆಚ್ಚೇನಿಲ್ಲ. ಸುಭಾಷ್ ಪಾಳೇಕರ್ ಅವರ ಪ್ರಭಾವದಿಂದ ಈ ಶತಮಾನದ ಮೊದಲ ದಶಕದಲ್ಲೇ ಕರ್ನಾಟಕದ ಅನೇಕ ರೈತರು 200 ಲೀಟರ್ ನೀರಿಗೆ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಬೆರೆಸಿ ಜೀವಾಮೃತ ಹುದುಗಿಸಲು ಕಲಿತಿದ್ದಾರೆ. ಪೀಪಾಯಿಯೂ ಕೋಲೂ ಅವರಿಗೆ ಪರಿಚಿತ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹುದುಗಿಸುವುದರಿಂದ ಹೊಸ ಪೋಷಕಾಂಶ ಹುಟ್ಟುವುದಿಲ್ಲ. ಇರುವುದು ಸೋರದಂತೆ ಉಳಿಯುತ್ತದೆ. ‘ಪವಾಡದ ದ್ರಾವಣ’ ಎಂದು ಸೀಸೆ ಮಾರುವವರಿಂದ ದೂರವಿರಲು ಈ ಒಂದು ಮಾತು ನೆನಪಿದ್ದರೆ ಸಾಕು.

ಹುದುಗಿಸುವ ಇನ್ನೊಂದು ದಾರಿ ನಮಗೆ ಗೋಬರ್ ಗ್ಯಾಸ್ ಎಂದು ಪರಿಚಿತವಾದದ್ದು. ಅಲ್ಲಿ ಇಂಗಾಲದ ಒಂದು ಪಾಲು ಮೀಥೇನ್ ಆಗಿ ಒಲೆಗೋ ಎಂಜಿನ್ನಿಗೋ ಇಂಧನವಾಗುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ಬಹುಮಟ್ಟಿಗೆ ಬಗ್ಗಡದಲ್ಲೇ ಉಳಿಯುತ್ತವೆ. ಆ ಬಗ್ಗಡವನ್ನು ಬಿಸಿಲಿಗೆ ಹರಡಿ ಒಣಗಿಸಿದರೆ ಮಾತ್ರ ಅಮೋನಿಯಾ ಹಾರಿಹೋಗಿ ಉಳಿಸಿದ್ದೆಲ್ಲ ವ್ಯರ್ಥ.

ಇವೆಲ್ಲ ಪ್ರಯೋಗಾಲಯದ ಮಾತುಗಳಲ್ಲ. ಈ ವಿಷಯದಲ್ಲಿ ಜಗತ್ತು ಅಧ್ಯಯನ ಮಾಡಿದ ಎರಡು ಉದಾಹರಣೆಗಳು ನಮ್ಮ ನೆಲದವೇ ಆಗಿವೆ ಎಂಬುದು ನಮ್ಮಲ್ಲಿ ಹಲವರಿಗೆ ಮರೆತಿದೆ. ಮೊದಲನೆಯದು ಬೆಂಗಳೂರಿನದು. ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1920ರ ದಶಕದಲ್ಲಿ ಇಂದೋರಿನಲ್ಲಿ ರೂಪಿಸಿದ ಗೊಬ್ಬರದ ವಿಧಾನ ಪ್ರಸಿದ್ಧವಾಗಿತ್ತು. ಅದರಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ಎನ್. ಆಚಾರ್ಯ 1939ರಲ್ಲಿ ಇದಕ್ಕೆ ಪರ್ಯಾಯ ಕಂಡುಹಿಡಿದರು. ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ, ಮಗುಚದೆ ತಿಂಗಳುಗಟ್ಟಲೆ ಬಿಡುವ ವಿಧಾನವದು. ಆರಂಭದ ಕಾವು ಇಳಿದ ಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕಳಿಯುವ ಈ ಗೊಬ್ಬರದಲ್ಲಿ ಸಾರಜನಕದ ನಷ್ಟ ಕಡಿಮೆ. ಜಗತ್ತಿನ ಗೊಬ್ಬರ ವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಅದರ ಹೆಸರು ‘ಬೆಂಗಳೂರು ವಿಧಾನ’. ಇದರ ಕರಾಳ ಮುಖವನ್ನೂ ಹೇಳಲೇಬೇಕು. ಆ ಗುಂಡಿಗಳಿಗೆ ಮಲ ತಂದು ಸುರಿದವರು ಯಾರು, ಯಾವ ಜಾತಿಯವರು ಎಂಬುದನ್ನು ವಿಜ್ಞಾನದ ಪುಸ್ತಕಗಳು ಬರೆಯಲಿಲ್ಲ. ಮಲ ಹೊರುವ ಪದ್ಧತಿಯ ನಿಷೇಧ ಕಾಯ್ದೆ 2013ರಲ್ಲಿ ಬಿಗಿಯಾದ ಮೇಲೂ, ಬೇರ್ಪಡಿಸದ ಕಸದೊಳಗೆ ಕೈ ಹಾಕುವ ಕೆಲಸ ಪೌರಕಾರ್ಮಿಕರ ಪಾಲಿಗೆ ಪೂರ್ತಿ ತಪ್ಪಿಲ್ಲ. ಮಣ್ಣಿನ ಸಾಲವನ್ನು ಕೆಲವರ ಘನತೆಯನ್ನು ಒತ್ತೆಯಿಟ್ಟು ತೀರಿಸುವುದು ಸಲ್ಲದು.

ಎರಡನೆಯ ಉದಾಹರಣೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ್ದು. ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮುಲ್ಯ ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಇದೇ ತಾಲ್ಲೂಕಿನ ಉಂಗ್ರದಲ್ಲಿ ತನ್ನ ವಿಸ್ತರಣಾ ಕೇಂದ್ರ ತೆರೆದಿತ್ತು. ಪುರದಲ್ಲಿ ಸಮುದಾಯ ಗೋಬರ್ ಗ್ಯಾಸ್ ಸ್ಥಾವರವನ್ನು ಮೊದಲು ಯೋಜಿಸಿದ್ದು ಅಡುಗೆ ಅನಿಲಕ್ಕಾಗಿ. ಊರಿನ ಸಗಣಿಯಿಂದ ಎಲ್ಲರ ಒಲೆಗೂ ಸಾಕಾಗುವಷ್ಟು ಅನಿಲ ಬಾರದೆ ಅದು ಕೈಗೂಡಲಿಲ್ಲ. 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ, ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ಮನೆಮನೆಗೆ ಹರಿಸಿ, ದೀಪ ಹೊತ್ತಿಸುವ ವ್ಯವಸ್ಥೆ ಬಂತು. ಆ ಬಳಿಕ ಪುರದ ಹೆಸರು ಜಗತ್ತಿನ ಗ್ರಾಮೀಣ ಇಂಧನ ಚರ್ಚೆಗಳಲ್ಲೆಲ್ಲ ಕಾಣಿಸಿಕೊಂಡಿತು.

ಪುರದ ಕಥೆಯನ್ನು ಎಲ್ಲರೂ ಬೆಳಕಿನ ಕಥೆಯಾಗಿ, ನೀರಿನ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಗೊಬ್ಬರದ ಕಥೆಯೂ ಹೌದು. ಸಗಣಿ ತಂದು ಹಾಕಿದ ಮನೆಗೆ ಕೆ.ಜಿ.ಗೆ 2 ಪೈಸೆ ಕೊಡಲಾಗುತ್ತಿತ್ತು. ಹುದುಗಿ ಉಳಿದ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಅವರವರ ಪಾಲನ್ನು ಅವರವರಿಗೆ ಹಿಂದಿರುಗಿಸಲಾಗುತ್ತಿತ್ತು. ಸಗಣಿ ಕೊಟ್ಟ ರೈತ ತನ್ನ ಹೊಲದ ಗೊಬ್ಬರ ಕಳೆದುಕೊಳ್ಳಲಿಲ್ಲ. ನಡುವಿನ ಅನಿಲ ಮಾತ್ರ ಊರಿಗೆ ಸಂದಿತು. ತಂದವರಿಗೆ ಕೂಲಿ, ಕೊಟ್ಟವರಿಗೆ ಗೊಬ್ಬರ, ಊರಿಗೆ ನೀರು. ಈ ಮೂರರಲ್ಲಿ ಯಾವುದೊಂದು ತಪ್ಪಿದ್ದರೂ ಜನ ಸಗಣಿ ತರುವುದನ್ನು ನಿಲ್ಲಿಸುತ್ತಿದ್ದರು. ತಂತ್ರಜ್ಞಾನಕ್ಕಿಂತ ಈ ವ್ಯವಹಾರದ ನ್ಯಾಯವೇ ಆ ಸ್ಥಾವರವನ್ನು ನಡೆಸಿತು ಎಂಬುದು ನನ್ನ ಅಭಿಪ್ರಾಯ.

ನಗರಗಳ ಕಸದ ವಿಚಾರದಲ್ಲಿ ನಡೆದದ್ದು ಇದಕ್ಕೆ ತೀರಾ ವಿರುದ್ಧ. ಬೆಂಗಳೂರು ತನ್ನ ಕಸವನ್ನು ಮಾವಳ್ಳಿಪುರಕ್ಕೆ ಕಳುಹಿಸಿತು. 2012ರಲ್ಲಿ ಅದು ಮುಚ್ಚಿತು. ಮಂಡೂರಿಗೆ ಕಳುಹಿಸಿತು, ಗ್ರಾಮಸ್ಥರ ದೀರ್ಘ ಹೋರಾಟದ ಬಳಿಕ 2014ರ ಕೊನೆಯಲ್ಲಿ ಅದೂ ನಿಂತಿತು. ಹಳ್ಳಿಗೆ ಹೋದದ್ದು ಪೋಷಕಾಂಶವಲ್ಲ, ಪ್ಲಾಸ್ಟಿಕ್ ಬೆರೆತ ಕೊಳೆ. ಅದರಿಂದಾಗಿ ಇಂದು ‘ನಗರದಿಂದ ಗೊಬ್ಬರ ತರುತ್ತೇವೆ’ ಎಂದರೆ ಹಳ್ಳಿಯ ಜನ ಲಾರಿಗೆ ಅಡ್ಡ ಮಲಗುವುದು ಸಹಜ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ನಗರದ ಕಸದಿಂದ ಗೊಬ್ಬರ ತಯಾರಿಸುವ ಕೆಲಸದಲ್ಲಿ ದೇಶಕ್ಕೇ ಮುಂಚೂಣಿಯಲ್ಲಿತ್ತು. ಊರು ಬೆಳೆದು ಅದರ ಸುತ್ತ ಬಡಾವಣೆಗಳು ಎದ್ದ ಮೇಲೆ ವಾಸನೆಯ ದೂರುಗಳೇ ಅದರ ಕಥೆಯಾಯಿತು. ಬೆಂಗಳೂರಿನ ವಾರ್ಡುಗಳಲ್ಲಿ ಕಟ್ಟಿದ ಬಯೋಮಿಥನೈಸೇಷನ್ ಘಟಕಗಳಲ್ಲಿ ಹಲವು ಸ್ಥಗಿತಗೊಂಡವು. ಅವಕ್ಕೆ ಬೇಕಿದ್ದದ್ದು ಶುದ್ಧ ಹಸಿ ಕಸ, ಬಂದದ್ದು ಮಿಶ್ರ ಕಸ.

ಕೇಂದ್ರದ ನೀತಿಯೂ ತೊಡರುತ್ತಲೇ ನಡೆದಿದೆ. ನಗರದ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವು ನೀಡುವ ಯೋಜನೆ 2016ರಲ್ಲಿ ಬಂದು 2021ರಲ್ಲಿ ನಿಂತಿತು. 2023ರಲ್ಲಿ ಅಷ್ಟೇ ಮೊತ್ತದ ನೆರವನ್ನು ಗೋಬರ್‌ಧನ್ ಯೋಜನೆಯ ಜೈವಿಕ ಅನಿಲ ಘಟಕಗಳಿಂದ ಬರುವ ಹುದುಗಿಸಿದ ಸಾವಯವ ಗೊಬ್ಬರಕ್ಕೆ ಘೋಷಿಸಲಾಯಿತು. ಹುದುಗಿಸಿದ ಗೊಬ್ಬರಕ್ಕೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಸ್ಥಾನ ಸಿಕ್ಕಿದ್ದು ಒಳ್ಳೆಯದೇ. ಆದರೆ ಈ ನೆರವು ತಲುಪುವುದು ಗೊಬ್ಬರ ಮಾರುವವರಿಗೆ. ಅದನ್ನು ಹೊಲಕ್ಕೆ ಹಾಕಿ, ಮೊದಲ ವರ್ಷದ ಅಪಾಯ ಹೊರುವ ರೈತನಿಗಲ್ಲ.

ಆ ಅಪಾಯಗಳು ಕಾಲ್ಪನಿಕವೂ ಅಲ್ಲ. ಗುಬ್ಬಿಯ ತೆಂಗಿನ ತೋಟದವರ ಮುಂದೆ ಈ ವಿಷಯ ಎತ್ತಿದರೆ ಕೇಳಿಬರುವ ಆಕ್ಷೇಪಗಳಲ್ಲಿ ಮುಖ್ಯವಾದದ್ದು ತೆಂಗಿನ ಸುಳಿ ಕೊರೆಯುವ ರೈನೋ ದುಂಬಿಯದು. ಆ ದುಂಬಿ ಮೊಟ್ಟೆಯಿಡುವುದು ಕೊಳೆಯುವ ಗೊಬ್ಬರದ ರಾಶಿಯಲ್ಲೇ. ತೋಟದ ಬದಿಯಲ್ಲಿ ತಿಂಗಳುಗಟ್ಟಲೆ ಕಸದ ರಾಶಿ ಬಿದ್ದಿದ್ದರೆ ಅದು ದುಂಬಿಯ ತೊಟ್ಟಿಲಾಗುತ್ತದೆ. ಇದಕ್ಕೆ ಉತ್ತರವಿದೆ: ತೆರೆದ ರಾಶಿ ಇಡಬಾರದು, ಹುದುಗಿಸಿದ್ದನ್ನು ನೇರವಾಗಿ ಮಣ್ಣಿನಲ್ಲಿ ಹೂಳಬೇಕು, ಗೊಬ್ಬರದ ಗುಂಡಿಗೆ ಮೆಟಾರೈಜಿಯಂ ಶಿಲೀಂಧ್ರ ಹಾಕಬೇಕು. ಎರಡನೆಯದು ಉಪ್ಪು. ಬೇಯಿಸಿದ ಅಡುಗೆಯಲ್ಲಿ ಉಪ್ಪಿದೆ. ಆಹಾರ ತ್ಯಾಜ್ಯವನ್ನು 2005ರಿಂದ ಭೂಭರ್ತಿಗೆ ಸುರಿಯುವುದನ್ನೇ ನಿಷೇಧಿಸಿ, 2013ರಿಂದ ತೂಕದ ಮೇಲೆ ಮನೆಗಳಿಂದ ಶುಲ್ಕ ಪಡೆಯುತ್ತಿರುವ ದಕ್ಷಿಣ ಕೊರಿಯಾದಲ್ಲೂ ಗೊಬ್ಬರದಲ್ಲಿನ ಉಪ್ಪು ತಲೆನೋವಾಗಿದೆ. ತೆಂಗು ಉಪ್ಪನ್ನು ತಕ್ಕಮಟ್ಟಿಗೆ ಸಹಿಸುತ್ತದೆ. ಎಲ್ಲ ಬೆಳೆಗಳೂ ಸಹಿಸುವುದಿಲ್ಲ. ಮೂರನೆಯದು ಹುಳಿ. ಹುದುಗಿಸಿದ ಕಸ ಆಮ್ಲೀಯವಾದ್ದರಿಂದ ಬೇರಿಗೆ ತಾಗುವಂತೆ ಹಾಕದೆ, ಮಣ್ಣಿನಲ್ಲಿ ಎರಡು-ಮೂರು ವಾರ ಬಿಟ್ಟು ನಂತರ ಬಿತ್ತಬೇಕು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಗಾಜು, ಪ್ಲಾಸ್ಟಿಕ್, ಬ್ಯಾಟರಿ ಸೆಲ್ಲು. ಮಣ್ಣಿಗೆ ಒಮ್ಮೆ ಸೇರಿದ ಸೀಸ, ಕ್ಯಾಡ್ಮಿಯಂಗಳನ್ನು ಮರಳಿ ಹೆಕ್ಕಿ ತೆಗೆಯುವ ವಿದ್ಯೆ ರೈತನ ಬಳಿ ಇಲ್ಲ. ಹುದುಗು ಇದನ್ನು ಪರಿಹರಿಸುವುದಿಲ್ಲ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಹುದುಗಿಸುವ ವಿಧಾನದ ನಿಜವಾದ ಪ್ರಯೋಜನ ಗೊಬ್ಬರದ ಗುಣಕ್ಕಿಂತ ಹೆಚ್ಚಾಗಿ ಅದು ಕೊಡುವ ಸಮಯದಲ್ಲಿದೆ. ಹಸಿ ಕಸ ಒಂದೇ ದಿನಕ್ಕೆ ನಾರುತ್ತದೆ. ಅದಕ್ಕೇ ದಿನವೂ ಗಾಡಿ ಬರಬೇಕು, ಬಾರದಿದ್ದರೆ ಬೀದಿಯ ಮೂಲೆ ಸೇರುತ್ತದೆ. ಮುಚ್ಚಿದ ಪೀಪಾಯಿಯಲ್ಲಿ ಹುಳಿಯುತ್ತಿರುವ ಕಸ ಎರಡು ವಾರ ಕಾಯಬಲ್ಲದು. ಕಾಯುವ ಕಸವನ್ನು ವಾರಕ್ಕೊಮ್ಮೆ ಒಟ್ಟಾಗಿ ಸಾಗಿಸಬಹುದು. ನೀರಿನ ಒಂದಿಷ್ಟು ಪಾಲನ್ನು ಬಸಿದು ಹಗುರ ಮಾಡಬಹುದು. ಬಿತ್ತನೆಯ ಸಮಯಕ್ಕೆ ಹೊಂದಿಸಬಹುದು. ಸಾಗಾಟದ ಖರ್ಚೇ ಈ ವ್ಯವಹಾರದ ಕುತ್ತಿಗೆ ಹಿಡಿದಿರುವಾಗ ಇದು ಸಣ್ಣ ಅನುಕೂಲವಲ್ಲ.

ಆದ್ದರಿಂದ ಮನೆಮನೆಯಿಂದ ಆರಂಭಿಸುವ ಬದಲು ತುಮಕೂರಿನ ದೊಡ್ಡ ಅಡುಗೆಮನೆಗಳಿಂದ ಆರಂಭಿಸುವುದು ಸೂಕ್ತ. ದಿನಕ್ಕೆ 100 ಕೆ.ಜಿ.ಗಿಂತ ಹೆಚ್ಚು ಕಸ ಉತ್ಪಾದಿಸುವವರಿಗೆ ವಿಶೇಷ ಹೊಣೆಯನ್ನು 2016ರ ನಿಯಮಗಳೇ ಹೊರಿಸಿದ್ದವು. ಕಲ್ಯಾಣ ಮಂಟಪಗಳು, ಹೋಟೆಲುಗಳು, ವಿದ್ಯಾರ್ಥಿ ನಿಲಯಗಳು, ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆ, 2014ರಲ್ಲಿ ಉದ್ಘಾಟನೆಗೊಂಡ ವಸಂತನರಸಾಪುರದ ಫುಡ್ ಪಾರ್ಕ್ ಮೊದಲಾದ ಕಡೆ ಹಸಿ ಕಸ ಒಂದೇ ಬಾಗಿಲಿನಿಂದ ಹೊರಬರುತ್ತದೆ. ಅದರಲ್ಲಿ ಏನು ಬೆರೆತಿದೆ ಎಂದು ನೋಡುವುದೂ ಸುಲಭ, ಬೆರೆಸಿದವರು ಯಾರೆಂದು ಹೇಳುವುದೂ ಸುಲಭ. ಹುದುಗಿಸುವ ಪೀಪಾಯಿಗಳು ಅಲ್ಲೇ ಇರಲಿ. ಮಿಕ್ಕ ಅನ್ನ ಹಸಿದವರಿಗೆ, ತಿನ್ನಬಲ್ಲ ಸೊಪ್ಪುಸದೆ ದನಕ್ಕೆ ಹೋದ ನಂತರ ಉಳಿಯುವುದಷ್ಟೇ ಪೀಪಾಯಿಗೆ ಬೀಳಲಿ. ಗೊಬ್ಬರದ ನೆಪದಲ್ಲಿ ಅನ್ನ ಚೆಲ್ಲುವುದಕ್ಕೆ ಪರವಾನಗಿ ಸಿಗಬಾರದು.

ಇನ್ನು ಹಣದ ದಿಕ್ಕು. ನಗರ ಗೊಬ್ಬರ ಮಾರಬೇಕು, ರೈತ ಕೊಳ್ಳಬೇಕು ಎಂಬ ತರ್ಕವನ್ನು ತಿರುಗಿಸಬೇಕು. ಹಸಿ ಕಸವನ್ನು ಭೂಭರ್ತಿಗೆ ಸಾಗಿಸಿ ನಿರ್ವಹಿಸಲು ಪಾಲಿಕೆ ಹೇಗೂ ಖರ್ಚು ಮಾಡುತ್ತದೆ. ಆ ಖರ್ಚಿನ ಒಂದು ಭಾಗ, ಶುದ್ಧ ಹುದುಗು ಕಸವನ್ನು ಸ್ವೀಕರಿಸಿ ಮಣ್ಣಿಗೆ ಸೇರಿಸುವ ರೈತನಿಗೆ ಅಥವಾ ಅವನ ಹಾಲಿನ ಸಂಘಕ್ಕೆ, ರೈತ ಉತ್ಪಾದಕ ಕಂಪನಿಗೆ ಟನ್ ಲೆಕ್ಕದಲ್ಲಿ ಸಲ್ಲಲಿ. ಪುರದಲ್ಲಿ ಸಗಣಿ ಹೊತ್ತವರಿಗೆ ಸಂದ 2 ಪೈಸೆ ಔದಾರ್ಯವಾಗಿರಲಿಲ್ಲ, ವ್ಯವಸ್ಥೆಯ ಕೀಲೆಣ್ಣೆಯಾಗಿತ್ತು.

ಇದರ ಜೊತೆಗೆ ರೈತನಿಗೆ ಎರಡು ಖಾತರಿಗಳು ಬೇಕು. ಮೊದಲನೆಯದು ಪರೀಕ್ಷೆ. ಜಿಲ್ಲೆಯಲ್ಲಿ ಹಿರೇಹಳ್ಳಿ ಮತ್ತು ಕೊನೇಹಳ್ಳಿಯಲ್ಲಿ ಎರಡು ಕೃಷಿ ವಿಜ್ಞಾನ ಕೇಂದ್ರಗಳಿವೆ. ಬರುವ ಸರಕಿನ ಭಾರಲೋಹ, ಉಪ್ಪು, ಪೋಷಕಾಂಶಗಳ ಪ್ರಮಾಣವನ್ನು ಅವು ನಿಯತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಲಿ. ಗುಬ್ಬಿಯ ಒಂದಷ್ಟು ತೆಂಗಿನ ತೋಟ, ಕುಣಿಗಲ್‌ನ ಒಂದಷ್ಟು ರಾಗಿ ಹೊಲಗಳಲ್ಲಿ ಮೂರು ವರ್ಷ ತುಲನಾತ್ಮಕ ಪ್ರಯೋಗ ನಡೆಯಲಿ. ಇಳುವರಿಯನ್ನಷ್ಟೇ ಅಲ್ಲ, ಮಣ್ಣಿನ ಇಂಗಾಲ, ತೇವಾಂಶಗಳನ್ನೂ ಅಳೆಯಲಿ. ಎರಡನೆಯ ಖಾತರಿ, ತಿರಸ್ಕರಿಸುವ ಹಕ್ಕು. ಪ್ಲಾಸ್ಟಿಕ್ ಬೆರೆತ ಲಾರಿಯನ್ನು ನಗರದ ಖರ್ಚಿನಲ್ಲೇ ವಾಪಸ್ ಕಳುಹಿಸುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇರಬೇಕು. ಆ ಒಂದು ಹಕ್ಕು ಇದ್ದಿದ್ದರೆ ಮಂಡೂರು ಮಂಡೂರಾಗುತ್ತಿರಲಿಲ್ಲ. ಹಳ್ಳಿಗೆ ಬೇಡ ಎನ್ನುವ ಶಕ್ತಿ ಬಂದ ದಿನ ನಗರಕ್ಕೆ ಬೇರ್ಪಡಿಸುವ ಶಿಸ್ತು ತಾನಾಗಿ ಬರುತ್ತದೆ. ಭಿತ್ತಿಪತ್ರ, ಜಾಥಾ, ಪ್ರತಿಜ್ಞೆಗಳಿಗಿಂತ ಹಿಂದಿರುಗಿದ ಒಂದು ಲಾರಿ ಹೆಚ್ಚು ಪಾಠ ಕಲಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಮೂರು ಲಕ್ಷ ಚಿಲ್ಲರೆ ಜನರ ತಟ್ಟೆಯಲ್ಲಿ ಉಳಿದದ್ದು ಇಡೀ ಜಿಲ್ಲೆಯ ಮಣ್ಣನ್ನು ಉದ್ಧರಿಸಲಾರದು ಎಂದು ವಾದಿಸುವವರಿದ್ದಾರೆ. ಆ ವಾದ ಸರಿ. ಎರಡು ಸಾವಿರ ಎಕರೆ ಜಿಲ್ಲೆಯ ಕೃಷಿಭೂಮಿಯಲ್ಲಿ ಅತ್ಯಲ್ಪ. ರಾಸಾಯನಿಕ ಗೊಬ್ಬರವನ್ನು ಇದು ಪೂರ್ತಿ ತಪ್ಪಿಸುತ್ತದೆ ಎಂದು ನಾನೂ ಹೇಳುವುದಿಲ್ಲ. ಆದರೆ ಈ ಜಿಲ್ಲೆಯ ಸಾರ್ವಜನಿಕ ಜೀವನ ಯಾವುದರ ಸುತ್ತ ಕುದಿಯುತ್ತಿದೆ ಎಂದು ಗಮನಿಸಿ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಬಗ್ಗೆ 2024 ಮತ್ತು 2025ರಲ್ಲಿ ನಡೆದ ಹೋರಾಟದಲ್ಲಿ ತುಮಕೂರು, ಗುಬ್ಬಿಯವರು ಒಂದು ಕಡೆ, ಕುಣಿಗಲ್‌ನವರು ಮತ್ತೊಂದು ಕಡೆ ನಿಂತರು. ಕಾಲುವೆಯ ನೀರಿನ ಪ್ರತಿ ಹನಿಗೂ ಲೆಕ್ಕ ಕೇಳುವ ನಾವು, ಆ ನೀರು ಬಿದ್ದ ಮಣ್ಣು ಅದನ್ನು ಎಷ್ಟು ಹೊತ್ತು ಹಿಡಿದಿಡಬಲ್ಲದು ಎಂದು ಕೇಳುವುದಿಲ್ಲ. ಸಾವಯವ ಪದಾರ್ಥ ಬರಿದಾದ ಕೆಂಪು ಮಣ್ಣಿಗೆ ಎಷ್ಟು ಕಾಲುವೆ ಹರಿಸಿದರೂ ಅದು ತೂತುಬಿದ್ದ ಕೊಡವೇ. ನೀರಿಗಾಗಿ ಎದುರಾಳಿಗಳಾದ ಮೂರು ಊರುಗಳೂ ಮಣ್ಣಿನ ವಿಚಾರದಲ್ಲಿ ಒಂದಾಗಲು ಸಾಧ್ಯವಿದೆ. ಇಲ್ಲಿ ಒಬ್ಬರ ಗಳಿಕೆ ಇನ್ನೊಬ್ಬರ ನಷ್ಟವಲ್ಲ.

ಇದಕ್ಕೆ ಬೇಕಾದ ವಿಜ್ಞಾನ ಬೆಂಗಳೂರಿನಲ್ಲಿ 1939ರಲ್ಲಿ ಸಿದ್ಧವಾಗಿತ್ತು. ಅದನ್ನು ಊರಿನ ವ್ಯವಹಾರಕ್ಕೆ ಇಳಿಸುವ ಬಗೆಯನ್ನು ಕುಣಿಗಲ್ ತಾಲ್ಲೂಕಿನ ಒಂದು ಸಣ್ಣ ಹಳ್ಳಿ 1987ರಲ್ಲಿ ತೋರಿಸಿತ್ತು. ಪಾಲಿಕೆ ತನ್ನ ಮುಂದಿನ ಆಯವ್ಯಯದಲ್ಲಿ ಹಸಿ ಕಸವನ್ನು ‘ವಿಲೇವಾರಿ ವೆಚ್ಚ’ ಎಂಬ ಶೀರ್ಷಿಕೆಯಿಂದ ತೆಗೆದು, ಗುಬ್ಬಿ ಮತ್ತು ಕುಣಿಗಲ್ ರೈತರಿಗೆ ಸಲ್ಲಬೇಕಾದ ಬಾಕಿ ಎಂದು ಬರೆದುಕೊಳ್ಳಲಿ. ಬಾಕಿ ಇದೆ ಎಂದು ಒಪ್ಪಿಕೊಂಡವನಷ್ಟೇ ಅದನ್ನು ತೀರಿಸುವ ದಾರಿ ಹುಡುಕುತ್ತಾನೆ.